ಅಡ್ಡದಾರಿ ಹಿಡಿದ ನೀರು

ಮಾರ್ಚ್ ೪, ಸೋಮವಾರ

ಇವತ್ತು ಆ ಕಾರು ಮತ್ತೆ ನನ್ನ ಶೆಡ್ಡಿಗೆ ಬಂತು. ತನ್ನ ಕಾಲ ಮೇಲಲ್ಲ, ಲಾರಿಯ ಬೆನ್ನೇರಿ. ಕಡುಹಸಿರು ಬಣ್ಣ, ಉದ್ದ ಮೂಗು, ಎರಡೇ ಸೀಟು. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಚಿಕ್ಕದು, ಅಂದರೆ ಅರವತ್ತು. ಹನ್ನೊಂದು ವರ್ಷದ ಹಿಂದೆ ಬೆಟ್ಟದ ರಸ್ತೆಯ ಏಳನೇ ತಿರುವಿನಲ್ಲಿ ಇದು ಆವಿ ಉಗುಳುತ್ತಾ ನಿಂತಾಗ, ಇನ್ನು ಈ ಜನ್ಮದಲ್ಲಿ ಇದರ ಮುಖ ನೋಡುವುದಿಲ್ಲ ಎಂದುಕೊಂಡಿದ್ದೆ. ಅದಕ್ಕೆ ನನ್ನ ಮುಖ ನೋಡುವ ಆಸೆ ಇತ್ತೇನೋ.

ಹೊಸ ಒಡತಿ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಮಾತು ಕಡಿಮೆ, ಕಣ್ಣು ಚುರುಕು.

"ಮೇಷ್ಟ್ರೇ, ಊರೊಳಗೆ ಚೆನ್ನಾಗೇ ಓಡತ್ತೆ. ಬೆಟ್ಟ ಹತ್ತಿಸಿದ್ರೆ ಕುದಿಯತ್ತೆ. ನಾಲ್ಕು ಜನಕ್ಕೆ ತೋರಿಸಿ ಆಯ್ತು. ಎಲ್ರೂ ಕೊನೆಗೆ ನಿಮ್ಮ ಕಡೆಗೇ ಕೈ ತೋರಿಸ್ತಾರೆ."

ತೋರಿಸದೆ ಏನು ಮಾಡುತ್ತಾರೆ? ಮೂವತ್ತಾರು ವರ್ಷದಿಂದ ಈ ಊರಲ್ಲಿ ರೇಡಿಯೇಟರ್ ಎಂದರೆ ನಾನು. ಜನ ನನ್ನನ್ನು ನೀರಿನ ಮೇಷ್ಟ್ರು ಎನ್ನುತ್ತಾರೆ, ನಾನೂ ಬೇಡ ಎಂದಿಲ್ಲ.

ಆಗ, ಹನ್ನೊಂದು ವರ್ಷದ ಹಿಂದೆ, ಈ ಕಾರಿನ ನೀರಿನ ಕೆಲಸ ನನ್ನದು, ಎಂಜಿನ್ ಕೆಲಸ ಗ್ಯಾಸ್ಕೆಟ್‌ನದು. ಗ್ಯಾಸ್ಕೆಟ್ ಎಂದರೆ ನನ್ನ ಹೆಂಡತಿಯ ತಮ್ಮ, ಆಗ ಶೆಡ್ಡಿನಲ್ಲಿ ನನ್ನ ಪಾಲುದಾರ. ಹಳೇ ಕಾರಿನವರ ಸಂಘ ತನ್ನ ಕಾರುಗಳನ್ನೆಲ್ಲ ಬೆಟ್ಟ ಹತ್ತಿಸುವ ದಿನ, ಊರಿನ ಮೆಕ್ಯಾನಿಕ್ಕುಗಳೆಲ್ಲ ನೋಡುತ್ತಿರುವಾಗಲೇ, ಎಂಜಿನ್ನಿಗೂ ಅದರ ತಲೆಗೂ ನಡುವೆ ಕೂರುವ ಹಾಳೆ, ಅಂದರೆ ಹೆಡ್ ಗ್ಯಾಸ್ಕೆಟ್, ಸುಟ್ಟು ಹೋಯಿತು, ಹೆಡ್ ಸೊಟ್ಟಗಾಯಿತು. ಗ್ಯಾಸ್ಕೆಟ್ ಕೂರಿಸಲು ಬಾರದವನು ಎಂಜಿನ್ ಮುಟ್ಟಬಾರದು ಎಂದು ಅಲ್ಲೇ ರಸ್ತೆಯಲ್ಲಿ ಹೇಳಿದೆ. ಹೆಸರು ಅಂಟಿಕೊಂಡಿತು. ವಾರದೊಳಗೆ ಅವನು ಶೆಡ್ಡು ಬಿಟ್ಟ. ಈಗ ನೀರೆತ್ತುವ ಪಂಪುಗಳನ್ನು ರಿಪೇರಿ ಮಾಡಿಕೊಂಡಿದ್ದಾನೆ.

ಕಾರು ಬಂದದ್ದನ್ನು ಹೆಂಡತಿಗೆ ಹೇಳಲಿಲ್ಲ. ಹೇಳಿದರೆ ಅವಳು ಏನೂ ಅನ್ನುವುದಿಲ್ಲ. ಅದೇ ಕಷ್ಟ.

ಮಾರ್ಚ್ ೫, ಮಂಗಳವಾರ

ರೇಡಿಯೇಟರ್ ಇಳಿಸಿದೆ. ಮೇಲ್ತೊಟ್ಟಿಯ ಹಿಂಬದಿಯಲ್ಲಿ ಮೊಳೆಯಿಂದ ಗೀಚಿದ ನನ್ನ ಗುರುತು ಹಾಗೇ ಇದೆ. ಬೆಸುಗೆ ಒಂದು ಕಡೆಯೂ ಬಿಟ್ಟಿಲ್ಲ. ನೀರು ಹುಯ್ದರೆ ತಡೆಯಿಲ್ಲದೆ ಸುರಿಯುತ್ತದೆ. ನನ್ನ ಕೆಲಸವನ್ನು ನಾನೇ ಹೊಗಳಿಕೊಳ್ಳಬಾರದು, ಆದರೆ ಇಲ್ಲಿ ಬೇರೆ ಯಾರೂ ಇಲ್ಲ.

ನಾಲ್ಕು ಜನ ಮಹಾನುಭಾವರು ತಮ್ಮ ತಮ್ಮ ಕೈಚಳಕ ತೋರಿಸಿದ್ದಾರೆ. ಒಬ್ಬ ಮುಂದೊಂದು ಫ್ಯಾನು, ಇನ್ನೊಬ್ಬ ಹಿಂದೊಂದು ಫ್ಯಾನು, ಮೂರನೆಯವನು ಬಾನೆಟ್ಟಿಗೆ ತೂತು. ನಾಲ್ಕನೆಯವನು ನೀರಿಗೆ ಏನೋ ನೀಲಿ ಔಷಧ ಬೆರೆಸಿದ್ದಾನೆ. ಮಂತ್ರ ಹಾಕಿಸುವುದೊಂದು ಬಾಕಿ.

ಮಾರ್ಚ್ ೯, ಶನಿವಾರ

ರೇಡಿಯೇಟರಿನ ಮುಚ್ಚಳ ಪರೀಕ್ಷಿಸಿದೆ, ಒತ್ತಡ ಹಿಡಿಯುತ್ತದೆ. ನೀರಿನ ಪಂಪ್ ಬಿಚ್ಚಿ ನೋಡಿದೆ, ರೆಕ್ಕೆಗಳು ಚೆನ್ನಾಗಿವೆ. ರಬ್ಬರ್ ಹೋಸ್ ಪೈಪುಗಳು ಹೊಸವು. ಬೆಲ್ಟ್ ಬಿಗಿ ಸರಿ. ನೀರಿನ ಕಡೆಯಿಂದ ಏನೂ ದೋಷವಿಲ್ಲ.

ಅಂದರೆ ದೋಷ ಎಂಜಿನ್ನಿನಲ್ಲಿ. ಅಂದರೆ ಗ್ಯಾಸ್ಕೆಟ್‌ನ ಕೈಯಲ್ಲಿ. ಅವನ ನಂತರ ಎರಡು ಸಲ ಬೇರೆಯವರು ಎಂಜಿನ್ ಬಿಚ್ಚಿ ಜೋಡಿಸಿದ್ದಾರೆ ಎಂದು ಡಾಕ್ಟರು ಕಾಗದ ತೋರಿಸಿದರು. ಇರಲಿ. ಮೊದಲು ಕೆಟ್ಟ ಕೈ ಬಿದ್ದದ್ದು ಆಮೇಲೆ ಎಷ್ಟು ತಿದ್ದಿದರೂ ನೇರವಾಗುವುದಿಲ್ಲ. ಬೆಟ್ಟ ಹತ್ತಿದ ಆ ದಿನ ಅವನು ನನ್ನ ನೀರಿನ ಕೆಲಸದ ಮೇಲೇ ಏನೋ ಹೇಳಲು ಬಂದಿದ್ದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಮಾರ್ಚ್ ೧೩, ಬುಧವಾರ

ಹೆಂಡತಿ ಟೈಲರ್ ಅಂಗಡಿಗೆ ಹೋದಳು. ಹನ್ನೊಂದು ವರ್ಷದಿಂದ ಬುಧವಾರವಾದರೆ ಟೈಲರ್ ಅಂಗಡಿ. ಇಷ್ಟು ಹೊಲಿಸಿದ್ದರೆ ಅರ್ಧ ಊರಿಗೆ ಬಟ್ಟೆಯಾಗುತ್ತಿತ್ತು. ಅವಳ ತಮ್ಮನ ಪಂಪ್ ಅಂಗಡಿ ಅದರ ಎದುರಿಗೇ ಇದೆ ಎಂದು ನನಗೆ ಗೊತ್ತಿಲ್ಲ ಎಂದು ಅವಳು ತಿಳಿದಿದ್ದಾಳೆ. ಅವಳು ಆ ಅಂಗಡಿಗೆ ಒಮ್ಮೆಯೂ ಕಾಲಿಟ್ಟಿಲ್ಲ, ಟೈಲರ್ ಬೆಂಚಿನ ಮೇಲೆ ಕೂತು ಒಂದು ಗಂಟೆ ಎದುರುಗಡೆ ನೋಡಿ ಎದ್ದು ಬರುತ್ತಾಳೆ ಎಂದು ಟೈಲರೇ ನನಗೆ ಹೇಳಿದ್ದ.

ನಾನು ಕೇಳಿಲ್ಲ, ಅವಳು ಹೇಳಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ. ನಮ್ಮ ಮನೆಯಲ್ಲಿ ಬೆಕ್ಕು ಕಣ್ಣು ಬಿಟ್ಟುಕೊಂಡೇ ಇದೆ, ಕಣ್ಣು ಮುಚ್ಚಿದವನು ನಾನು.

ಮಾರ್ಚ್ ೧೫, ಶುಕ್ರವಾರ

ಡಾಕ್ಟರಿಗೆ ರಜೆ ಇತ್ತು. ಅವರನ್ನೇ ಓಡಿಸಲು ಹೇಳಿ ನಾನು ಪಕ್ಕದಲ್ಲಿ ಕೂತೆ. ಚೆನ್ನಾಗಿ ಓಡಿಸುತ್ತಾರೆ, ಗೇರನ್ನು ಬೆಣ್ಣೆಯಲ್ಲಿ ಚಾಕು ಆಡಿಸಿದ ಹಾಗೆ ಬದಲಿಸುತ್ತಾರೆ. ನಾಲ್ಕನೇ ತಿರುವಿನಲ್ಲಿ ನೀರಿನ ಬಿಸಿ ತೋರಿಸುವ ಮುಳ್ಳು ಏರತೊಡಗಿತು. ಆರನೆಯದರಲ್ಲಿ ನೂರು ದಾಟಿತು. ಏಳನೆಯದು ಬರುವ ಮೊದಲೇ ಪಕ್ಕಕ್ಕೆ ನಿಲ್ಲಿಸಲು ಹೇಳಿದೆ.

ಬಾನೆಟ್ ಎತ್ತಿ ಅಭ್ಯಾಸದಂತೆ ಕೈ ಹಿಡಿದು ನೋಡಿದೆ. ಎಂಜಿನ್ನಿನ ತಲೆಯ ಹತ್ತಿರ ಕೈ ಹಿಡಿಯಲಾಗದಷ್ಟು ಬಿಸಿ. ರೇಡಿಯೇಟರಿನ ಕೆಳತೊಟ್ಟಿ ಮಾತ್ರ ಮಗುವಿಗೆ ಸ್ನಾನ ಮಾಡಿಸುವ ನೀರಿನಷ್ಟು ಬೆಚ್ಚಗೆ. ಮತ್ತೆ ಮುಟ್ಟಿದೆ. ಮೂರನೇ ಸಲ ಮುಟ್ಟಿದೆ. ಇಲ್ಲಿ ಎಂಜಿನ್ ಬೇಯುತ್ತಿದೆ, ಅಲ್ಲಿ ನನ್ನ ರೇಡಿಯೇಟರ್ ಕೆಲಸವಿಲ್ಲದೆ ಕೂತಿದೆ. ಬಿಸಿನೀರು ಅದರ ತನಕ ಬರುತ್ತಲೇ ಇಲ್ಲ.

"ಇಷ್ಟು ದೊಡ್ಡ ಪಂಪು ತಿರುಗ್ತಾ ಇದೆ. ನೀರು ಹೋಗೋದಾದ್ರೂ ಎಲ್ಲಿಗೆ?" ಎಂದು ನನಗೆ ನಾನೇ ಕೇಳಿಕೊಂಡೆ.

ಡಾಕ್ಟರು ಬಗ್ಗಿ ನೋಡಿದರು. "ಈ ಸಣ್ಣ ಪೈಪ್ ಯಾಕೆ ಮೇಷ್ಟ್ರೇ? ಎಂಜಿನ್ನಿಂದ ಹೊರಟು ಸೀದಾ ಪಂಪಿಗೇ ವಾಪಸ್ ಹೋಗಿದೆ."

"ಅದು ಅಡ್ಡದಾರಿ. ಎಂಜಿನ್ ತಣ್ಣಗಿರುವಾಗ ನೀರು ಒಳಗೊಳಗೇ ಸುತ್ತಲಿ ಅಂತ."

"ಬಿಸಿ ಆದ್ಮೇಲೆ ಅದನ್ನ ಮುಚ್ಚೋರು ಯಾರು? ನಮ್ಮಲ್ಲೂ ಹೀಗಾಗತ್ತೆ. ರಕ್ತ ಶ್ವಾಸಕೋಶಕ್ಕೆ ಹೋಗದೆ ಅಡ್ಡದಾರಿಲಿ ವಾಪಸ್ ಬಂದ್ಬಿಟ್ರೆ ರೋಗಿ ನೀಲಿ ಆಗ್ತಾನೆ. ಶ್ವಾಸಕೋಶ ಎಷ್ಟು ಚೆನ್ನಾಗಿದ್ರೂ ಅಷ್ಟೇ."

ಅದನ್ನು ಮುಚ್ಚುವವರು ಯಾರು ಎಂಬುದಕ್ಕೆ ನನ್ನಲ್ಲಿ ಉತ್ತರವಿತ್ತು. ನಾಳೆ ನೋಡಿ ಹೇಳುತ್ತೇನೆ ಎಂದೆ.

ಮಾರ್ಚ್ ೧೬, ಶನಿವಾರ

ಬಿಚ್ಚಿದೆ. ಖಾಲಿ.

ನೀರು ಎಂಜಿನ್ನಿಂದ ಹೊರಡುವ ಬಾಯಿಯಲ್ಲಿ ಥರ್ಮೋಸ್ಟಾಟ್ ವಾಲ್ವ್ ಇರಬೇಕು. ಮುಷ್ಟಿಯಲ್ಲಿ ಹಿಡಿಸುವ ಹಿತ್ತಾಳೆಯ ಸಾಮಾನು. ನೀರು ಬಿಸಿಯಾದಾಗ ಬಾಯಿ ತೆರೆದು ರೇಡಿಯೇಟರಿಗೆ ದಾರಿ ಬಿಡುತ್ತದೆ. ಬೇಸಿಗೆ ಬಿಸಿಲಿಗೆ ಇದೊಂದು ಅಡ್ಡಿ ಎಂದು ನಮ್ಮ ಕಸುಬಿನವರೆಲ್ಲ ಮೊದಲು ಮಾಡುವ ಕೆಲಸ ಅದನ್ನು ಕಿತ್ತು ಎಸೆಯುವುದು. ಸಾವಿರ ಕಾರಿನಲ್ಲಿ ಕಿತ್ತಿದ್ದೇನೆ, ಒಂದಕ್ಕೂ ಏನೂ ಆಗಿಲ್ಲ. ಅದಕ್ಕೇ ಆಮೇಲೆ ಬಂದ ನಾಲ್ವರಿಗೂ ಅದು ಇಲ್ಲದಿರುವುದು ತಪ್ಪು ಎಂದು ಹೊಳೆದಿಲ್ಲ. ಆದರೆ ಈ ಜಾತಿಯ ಎಂಜಿನ್ನಿನಲ್ಲಿ ಆ ವಾಲ್ವಿಗೆ ಕೆಳಗೊಂದು ಬಳೆ ಇರುತ್ತದೆ. ವಾಲ್ವ್ ತೆರೆದಾಗ ಬಳೆ ಸರಿದು ಅಡ್ಡದಾರಿಯನ್ನು ಮುಚ್ಚುತ್ತದೆ. ವಾಲ್ವ್ ಕಿತ್ತರೆ ಬಳೆಯೂ ಹೋಯಿತು, ಅಡ್ಡದಾರಿ ಸದಾ ತೆರೆದೇ ಇರುತ್ತದೆ. ನೀರಿಗೂ ನಮ್ಮ ಹಾಗೆ ಹತ್ತಿರದ ದಾರಿಯೇ ಇಷ್ಟ.

ಅಟ್ಟದಿಂದ ಹನ್ನೊಂದು ವರ್ಷದ ಹಿಂದಿನ ದಿನಚರಿ ಇಳಿಸಿದೆ. ಬೇರೆ ಯಾರೋ ಕಿತ್ತಿರಬಹುದು ಎಂಬ ಆಸೆಯಿತ್ತು, ಸುಳ್ಳು ಯಾಕೆ ಬರೆಯಲಿ. ಬೆಟ್ಟ ಹತ್ತುವ ಎರಡು ದಿನ ಮುಂಚೆ ನನ್ನದೇ ದುಂಡು ಅಕ್ಷರದಲ್ಲಿ ಇದೆ: "ಹಸಿರು ಕಾರಿನ ವಾಲ್ವ್ ಕಿತ್ತು ಬಿಸಾಡಿದೆ. ಇನ್ನು ನೀರು ಸರಾಗ."

ಎಂಜಿನ್ ಕುದ್ದದ್ದರಿಂದ ಗ್ಯಾಸ್ಕೆಟ್ ಸುಟ್ಟಿತು. ಗ್ಯಾಸ್ಕೆಟ್‌ನಿಂದ ಎಂಜಿನ್ ಕುದಿಯಲಿಲ್ಲ.

ಮಾರ್ಚ್ ೧೭, ಭಾನುವಾರ

ತಲೆನೋವು. ಶೆಡ್ಡಿಗೆ ಹೋಗಲಿಲ್ಲ.

ಮಾರ್ಚ್ ೧೮, ಸೋಮವಾರ

ಸರಿಯಾದ ವಾಲ್ವ್ ಹಳೇ ಕಾರಿನವರ ಸಂಘದಿಂದ ಅಂಚೆಯಲ್ಲಿ ಬರಬೇಕು. ಅಲ್ಲಿಯ ತನಕ ಹಿತ್ತಾಳೆಯ ಬಿರಡೆ ಮಾಡಿ ಅಡ್ಡದಾರಿಗೆ ಬಡಿದೆ. ಡಾಕ್ಟರು ಬೆಟ್ಟ ಹತ್ತಿಸಿದರು. ಏಳನೇ ತಿರುವು ದಾಟಿತು, ಹದಿನಾಲ್ಕೂ ದಾಟಿತು. ಮುಳ್ಳು ಎಂಬತ್ತರ ಮೇಲೆ ಅಲುಗಲಿಲ್ಲ. ಮೇಲೆ ಹೋಗಿ ಗಾಡಿ ನಿಲ್ಲಿಸಿ ಅವರು ಸುಮ್ಮನೆ ಸ್ಟಿಯರಿಂಗ್ ಸವರುತ್ತಾ ಕೂತರು.

"ನಾಲ್ಕು ಜನಕ್ಕೆ ಸಿಗದ್ದು ನಿಮಗೆ ಸಿಕ್ತು. ಏನಾಗಿತ್ತು ಮೇಷ್ಟ್ರೇ?"

"ಒಂದು ವಾಲ್ವ್ ಇರ್ಲಿಲ್ಲ. ಯಾರೋ ಕಿತ್ತಿದ್ರು" ಎಂದೆ.

ಯಾರೋ.

ಮಾರ್ಚ್ ೨೦, ಬುಧವಾರ

ಬಿಡಿಭಾಗದ ಅಂಗಡಿಯ ಮುಂದಿನ ಬೆಂಚಿನಲ್ಲಿ ಇವತ್ತು ನನ್ನದೇ ಮಾತು. ಸಂಜೆ ಅಲ್ಲಿ ಚಹಾಕ್ಕೆ ಸೇರುವವರು ಊರಿನ ಹಳೇ ಮೆಕ್ಯಾನಿಕ್ಕುಗಳೆಲ್ಲ, ಆ ದಿನ ಬೆಟ್ಟದ ಮೇಲೆ ಇದ್ದವರೇ. "ಗ್ಯಾಸ್ಕೆಟ್ ಕೆಡಿಸಿದ್ದನ್ನ ಮೇಷ್ಟ್ರು ನೆಟ್ಟಗೆ ಮಾಡಿದ್ರು" ಎಂದ ಅಂಗಡಿಯವನು. ಎಲ್ಲರೂ ನಕ್ಕರು. ನಾನು ಚಹಾ ಕುಡಿದೆ.

ಸುಮ್ಮನಿದ್ದರೆ ಆಯಿತು. ಕಾರು ಓಡುತ್ತದೆ, ಹೆಸರು ಉಳಿಯುತ್ತದೆ, ಅವನು ಹೇಗೂ ಪಂಪ್ ಅಂಗಡಿಯಲ್ಲಿ ನೆಲೆಯಾಗಿದ್ದಾನೆ. ಹಳೇ ಗಾಯ ಕೆರೆದು ಯಾರಿಗೇನು ಲಾಭ? ಹೀಗೆಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದೆ. ಮನೆಗೆ ಬಂದಾಗ ಹೆಂಡತಿ ಟೈಲರ್ ಅಂಗಡಿಯಿಂದ ಬಂದು ಚಪ್ಪಲಿ ಬಿಡುತ್ತಿದ್ದಳು. ಕೈಯಲ್ಲಿ ಒಂದು ಗುಂಡಿಯ ಪೊಟ್ಟಣ. ಒಂದೇ ಒಂದು.

ಮಾರ್ಚ್ ೨೭, ಬುಧವಾರ

ಇವತ್ತು ಅವಳ ಹಿಂದೆ ನಾನೂ ಹೋದೆ. ಅರವತ್ತೆರಡರ ವಯಸ್ಸಿನಲ್ಲಿ ಸ್ವಂತ ಹೆಂಡತಿಯ ಹಿಂದೆ ಕಳ್ಳಹೆಜ್ಜೆ. ಔಷಧಿ ಅಂಗಡಿಯ ಮರೆಯಲ್ಲಿ ನಿಂತೆ.

ಅವಳು ಬೆಂಚಿನ ಮೇಲೆ ಕೂತಳು. ಎದುರಿನ ಅಂಗಡಿಯಲ್ಲಿ ಅವಳ ತಮ್ಮ ಪಂಪೊಂದರ ಹೊಟ್ಟೆ ಸೀಳಿಕೊಂಡು ಕೂತಿದ್ದ. ತಲೆ ಪೂರ್ತಿ ಬೆಳ್ಳಗಾಗಿದೆ, ನನಗಿಂತ ಒಂಬತ್ತು ವರ್ಷ ಚಿಕ್ಕವನು. ಬೇರಿಂಗನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಿ ಕೇಳುವುದು ಮಾತ್ರ ಹಾಗೇ ಇದೆ. ಎಂಜಿನ್ನನ್ನೂ ಹಾಗೇ ಕೇಳುತ್ತಿದ್ದ. ಒಮ್ಮೆಯೂ ತಲೆಯೆತ್ತಿ ರಸ್ತೆಯ ಈಚೆ ನೋಡಲಿಲ್ಲ. ನೋಡುವುದೇ ಇಲ್ಲ ಎಂದುಕೊಂಡೆ. ಆಗ ಒಬ್ಬ ಸೈಕಲ್ಲಿನವನು ತನ್ನ ಸೈಕಲ್ಲನ್ನು ಅವನ ಅಂಗಡಿಯ ಬಾಗಿಲಿಗೇ ಅಡ್ಡ ನಿಲ್ಲಿಸಿದ. ಇವನು ಎದ್ದು ಬಂದು ಅದನ್ನು ಪಕ್ಕಕ್ಕೆ ಸರಿಸಿ ಮತ್ತೆ ಹೋಗಿ ಕೂತ. ಸೈಕಲ್ಲಿನಿಂದ ಅವಳಿಗೆ ಅವನು ಮರೆಯಾಗುತ್ತಿದ್ದ, ಅದಕ್ಕೆ.

ಮನೆಗೆ ಬಂದು ಅವಳಿಗೆ ಎಲ್ಲ ಹೇಳಿದೆ. ವಾಲ್ವ್, ಬಳೆ, ಹಳೇ ದಿನಚರಿ, ಯಾರೋ ಎಂದು ನಾನು ಹೇಳಿದ ಸುಳ್ಳು. ಅವಳು ಪಾತ್ರೆ ಒರೆಸುತ್ತಿದ್ದಳು. ಒರೆಸಿದ ತಟ್ಟೆಯನ್ನೇ ಮತ್ತೆ ಮತ್ತೆ ಒರೆಸಿದಳು.

"ಅವತ್ತು ನಾನು ಅವನಿಗೆ ಏನ್ ಹೇಳ್ದೆ ಅನ್ನೋದು ನಿಮ್ಗೆ ಗೊತ್ತಲ್ಲ" ಎಂದಳು.

ಗೊತ್ತು. ಕಾರು ನಿಂತ ಮಾರನೇ ದಿನ ಅವನ ಮನೆಗೆ ಹೋಗಿ ತಪ್ಪೊಪ್ಪಿಕೊಳ್ಳಲು ಹೇಳು ಎಂದು ಅವಳನ್ನು ಕಳಿಸಿದವನು ನಾನು. ನಾನು ಕಳಿಸಿದೆ ಎನ್ನಬೇಡ, ನಿನ್ನ ಮಾತೇ ಎಂಬಂತೆ ಹೇಳು, ನಿನ್ನ ಮಾತಾದರೆ ಕೇಳುತ್ತಾನೆ ಎಂದು ಕಲಿಸಿಕೊಟ್ಟವನೂ ನಾನು. ಅವಳು ಹಾಗೇ ಹೇಳಿ ಅಳುತ್ತಾ ಬಂದಳು. ಅವನು ಏನಂದ ಎಂದು ಆಗ ನಾನು ಕೇಳಿರಲಿಲ್ಲ. ಈಗ ಕೇಳಿದೆ.

"ಏನೂ ಅನ್ಲಿಲ್ಲ. ನೀನೂನಾ ಅಕ್ಕ, ಅಂದ. ಅಷ್ಟೇ."

ಏಪ್ರಿಲ್ ೨, ಮಂಗಳವಾರ

ವಾಲ್ವ್ ಬಂತು, ಕೂರಿಸಿದೆ. ಡಾಕ್ಟರು ಬಂದಾಗ ಆ ಯಾರೋ ಎಂಬವನು ನಾನೇ ಎಂದು ಹೇಳಿದೆ. "ನಮ್ಮಲ್ಲಿ ಹೀಗೆ ಬಾಯ್ಬಿಟ್ಟು ಹೇಳೋರು ಕಡಿಮೆ ಮೇಷ್ಟ್ರೇ" ಎಂದರು. ಹೊಗಳಿಕೆಯೋ ಅಲ್ಲವೋ ತಿಳಿಯಲಿಲ್ಲ.

ಅಲ್ಲಿಂದ ಸೀದಾ ಬಿಡಿಭಾಗದ ಅಂಗಡಿಯ ಬೆಂಚಿಗೆ ಹೋದೆ. ಏಳು ಜನ ಇದ್ದರು. ನಿಂತುಕೊಂಡೇ ಹೇಳಿದೆ. "ಹಸಿರು ಕಾರು ಕುದ್ದದ್ದು ನನ್ನ ತಪ್ಪಿಂದ. ವಾಲ್ವ್ ಕಿತ್ತಿದ್ದು ನಾನು. ನನ್ನ ಬಾಮೈದನ ಕೆಲಸ ಸರಿಯಾಗೇ ಇತ್ತು. ಬೆಟ್ಟದ ಮೇಲೆ ನಾನು ಹೇಳಿದ್ದು ಸುಳ್ಳು."

ಯಾರೂ ನಗಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಿಡಿಭಾಗದವನು ಲೋಟ ಕೆಳಗಿಟ್ಟು ತಲೆಯಾಡಿಸಿದ. "ಅಯ್ಯೋ ಪಾಪ, ಹಾಗಾದ್ರೆ ಗ್ಯಾಸ್ಕೆಟ್‌ದು ಏನೂ ತಪ್ಪಿರ್ಲಿಲ್ಲ ಅನ್ನಿ."

"ಅವನನ್ನ ಹಾಗೆ ಕರೀಬೇಡಿ."

"ಮತ್ತೆ ಏನಂತ ಕರೆಯೋದು ಮೇಷ್ಟ್ರೇ? ಅವನ ಹೆಸರೇ ಅದಲ್ವಾ?"

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಈ ಮಾತನ್ನು ನಾನು ಎಷ್ಟೋ ಸಲ ಬೇರೆಯವರಿಗೆ ಹೇಳಿದ್ದೇನೆ. ಇವತ್ತು ಅದು ನಡೆಯುವುದನ್ನು ನಿಂತು ನೋಡಿದೆ.

ಏಪ್ರಿಲ್ ೩, ಬುಧವಾರ

ಅವಳು ಟೈಲರ್ ಅಂಗಡಿಗೆ ಹೋಗಲಿಲ್ಲ. ಯಾಕೆ ಎಂದು ಕೇಳಿದೆ. "ಅವನದು ತಪ್ಪಿಲ್ಲ ಅಂತ ಗೊತ್ತಾದ್ಮೇಲೆ ಇನ್ನು ಆ ಬೆಂಚಲ್ಲಿ ಹೇಗೆ ಕೂರ್ಲಿ?" ಎಂದಳು.

ಏಪ್ರಿಲ್ ೭, ಭಾನುವಾರ

ಇಬ್ಬರೂ ಹೋದೆವು. ದಾರಿಯಲ್ಲಿ ಏನು ಹೇಳಬೇಕೆಂದು ಜೋಡಿಸಿಕೊಂಡೆ, ಅಂಗಡಿಯ ಮೆಟ್ಟಿಲು ಕಂಡದ್ದೇ ಎಲ್ಲ ಮರೆತುಹೋಯಿತು. ಭಾನುವಾರವಾದ್ದರಿಂದ ಬೇರೆ ಯಾರೂ ಇರಲಿಲ್ಲ. ಅವನು ಕೈಯ ಗ್ರೀಸ್ ಒರೆಸಿಕೊಳ್ಳುತ್ತಾ ಎದ್ದು ನಿಂತ. ಅಕ್ಕನಿಗೆ ಇದ್ದ ಒಂದೇ ಕುರ್ಚಿ ಎಳೆದು ಕೊಟ್ಟ. ನಾನು ನಿಂತೇ ಇದ್ದೆ.

ವಾಲ್ವಿನ ವಿಷಯ ಹೇಳಿದೆ. ಅವನು ಪೂರ್ತಿ ಕೇಳಿದ.

"ನಾನು ಅವತ್ತೇ ಹೇಳಿದ್ದೆ ಭಾವ. ಆ ಬಳೆ ಇಲ್ದೆ ಅಡ್ಡದಾರಿ ಮುಚ್ಚಲ್ಲ ಅಂತ. ನೀರಿನ ಪಾಠ ನಂಗೆ ಹೇಳ್ಬೇಡ ಅಂದ್ರಿ."

ಅವನು ಏನೋ ಹೇಳಲು ಬಂದದ್ದು ನೆನಪಿದೆ, ನಾನು ಹಾಗೆ ಅಂದದ್ದು ನೆನಪಿಲ್ಲ. ಆದರೆ ಮಾತು ನನ್ನದೇ, ಈಗಲೂ ಎಷ್ಟೋ ಜನಕ್ಕೆ ಹಾಗೇ ಹೇಳುತ್ತೇನೆ.

"ಬೆಂಚಲ್ಲಿ ಎಲ್ಲರ ಮುಂದೆ ಹೇಳಿದ್ದೀನಿ" ಎಂದೆ.

"ಗೊತ್ತಾಯ್ತು. ಬಿಡಿ ಭಾವ, ಕಸುಬಲ್ಲಿ ತಪ್ಪು ಯಾರು ಮಾಡಲ್ಲ? ಊರವರ ಮಾತು, ನಿಮ್ಮ ಮಾತು, ಎಲ್ಲ ಯಾವತ್ತೋ ಮರೆತೆ." ಆಮೇಲೆ ಅಕ್ಕನ ಕಡೆ ನೋಡದೆ, ಕೈಯಲ್ಲಿದ್ದ ಬಟ್ಟೆಯನ್ನು ಮಡಿಸುತ್ತಾ ಹೇಳಿದ. "ಅಕ್ಕ ಬಂದು ಹೇಳಿದ್ದೊಂದು ಮರೆಯೋಕೆ ಆಗ್ಲಿಲ್ಲ. ಅವಳು ನನ್ನ ಕೈಕೆಲಸ ನೋಡಿದ್ಲು. ಚಿಕ್ಕಂದಿನಿಂದ ನೋಡಿದ್ಲು."

ಹೆಂಡತಿ ತಲೆ ತಗ್ಗಿಸಿ ಕೂತಿದ್ದಳು. ಬಾಯಿ ಬಿಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಹನ್ನೊಂದು ವರ್ಷ ನನ್ನನ್ನು ಬಿಟ್ಟುಕೊಡದವಳು ಇವತ್ತು ಮಾತ್ರ ಯಾಕೆ ಬಿಟ್ಟುಕೊಡುತ್ತಾಳೆ? ನಾನು ಇಲ್ಲಿಗೆ ಬಂದದ್ದು ವಾಲ್ವಿನ ವಿಷಯಕ್ಕೆ ಎಂದುಕೊಂಡಿದ್ದೆ.

"ಅದು ಅವಳ ಮಾತಲ್ಲ" ಎಂದೆ. "ನಾನು ಹೇಳಿಕೊಟ್ಟಿದ್ದು. ಒಂದೊಂದು ಮಾತೂ. ನಾನು ಕಳಿಸ್ದೆ ಅಂತ ಹೇಳ್ಬೇಡ ಅಂದಿದ್ದೆ. ಅವಳು ಬೇಡ ಬೇಡ ಅಂತ ಅತ್ತಿದ್ಲು. ಕೇಳ್ಲಿಲ್ಲ ನಾನು."

ಮಡಿಸುತ್ತಿದ್ದ ಬಟ್ಟೆಯನ್ನು ಅವನು ಪಕ್ಕಕ್ಕಿಟ್ಟ. ಅವನ ಮುಖವನ್ನು ನೋಡುವ ಧೈರ್ಯ ನನಗಿರಲಿಲ್ಲ.

"ಹೌದಾ ಅಕ್ಕ?"

ಅವಳು ತಲೆಯಾಡಿಸಿದಳು.

"ಒಂದ್ ಮಾತು ಹೇಳ್ಬಾರ್ದಿತ್ತಾ? ವಾರವಾರ ಎದುರಿಗೇ ಬಂದು ಕೂರ್ತಿದ್ದೆ."

"ನೀನಾದ್ರೂ ಕರೀಬಾರ್ದಿತ್ತಾ?" ಎಂದಳು.

ಅವನಿಗೆ ನಗು ಬಂತೋ ಅಳು ಬಂತೋ. ಕುರ್ಚಿಯ ಪಕ್ಕ ನೆಲದ ಮೇಲೇ ಕೂತುಬಿಟ್ಟ, ಐವತ್ತಮೂರರ ಗಂಡಸು. ಅವಳು ಅವನ ತಲೆಯ ಮೇಲೆ ಕೈಯಿಟ್ಟಳು. ಇದರಲ್ಲಿ ನನಗೇನೂ ಪಾಲಿಲ್ಲ ಎನಿಸಿ ಹೊರಡಲು ಮೆಟ್ಟಿಲಿಳಿದೆ.

"ಭಾವ" ಎಂದ ಹಿಂದಿನಿಂದ. ತಿರುಗಿದೆ. "ಎಷ್ಟು ಡಿಗ್ರಿಗೆ ತೆರೆಯೋ ವಾಲ್ವ್ ಹಾಕಿದ್ರಿ?"

"ಎಪ್ಪತ್ನಾಲ್ಕು."

"ಕಡಿಮೆ ಆಯ್ತು. ಆ ಎಂಜಿನ್ನಿಗೆ ಆಯಿಲ್ ಸರಿಯಾಗಿ ಕಾಯ್ಬೇಕು. ಎಂಬತ್ತೆರಡರದ್ದು ಹಾಕಿ."

ಸರಿ ಎಂದೆ. ಒಬ್ಬನೇ ಮನೆಗೆ ಬಂದೆ, ಹೆಂಡತಿ ಇನ್ನೂ ಅಲ್ಲೇ ಇದ್ದಾಳೆ. ನಾಳೆ ಬೆಳಿಗ್ಗೆ ಮೊದಲು ಡಾಕ್ಟರಿಗೆ ಹೇಳಿ ಎಂಬತ್ತೆರಡರದ್ದು ತರಿಸಬೇಕು.